ಹಡಗು ಕಾಯುವುದಿಲ್ಲ, ಕಾಗದ ನೋಡದೆ ಹತ್ತಿಸುವುದೂ ಇಲ್ಲ!

ಪಣಂಬೂರು: ಮಳೆಗಾಲ ಮುಗಿದು ಕಡಲು ತಣ್ಣಗಾಯಿತೆಂದರೆ ನವಮಂಗಳೂರು ಬಂದರಿಗೆ ವಿದೇಶೀ ವಿಹಾರ ನೌಕೆಗಳ ಸವಾರಿ ಶುರು. ಹತ್ತು ಮಾಳಿಗೆಯ ಬಿಳಿ ಲಾಡ್ಜೊಂದು ನೀರಿನ ಮೇಲೆ ತೇಲಿ ಬಂದಂತೆ ಕಾಣುವ ಈ ಹಡಗುಗಳಿಂದ ಇಳಿದವರು ಬಸ್ಸು ಹತ್ತಿ ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಸುತ್ತಿ, ಗೇರುಬೀಜ ಕಾರ್ಖಾನೆಯಲ್ಲಿ ಫೋಟೋ ಹೊಡೆದು ಸಂಜೆಗೆ ಹಡಗು ಸೇರುತ್ತಾರೆ. ಬೀಚಿನಲ್ಲಿ ಚುರುಮುರಿ ತಿನ್ನುತ್ತಾ ನಿಂತ ಊರಿನ ಜನ ಕೈಯೆತ್ತಿ ಟಾಟಾ ಮಾಡುತ್ತಾರೆ.

"ಇದಕ್ಕೆ ನಾವು ಹತ್ಲಿಕ್ಕೆ ಆಗ್ತದಾ?" ಎಂಬ ಪ್ರಶ್ನೆ ಅಲ್ಲಿ ಪ್ರತಿ ಸಲವೂ ಹುಟ್ಟುತ್ತದೆ, ಚುರುಮುರಿ ಮುಗಿಯುವಷ್ಟರಲ್ಲಿ ಸಾಯುತ್ತದೆ.

ಹತ್ತಲಿಕ್ಕೆ ಆಗುತ್ತದೆ. ಆದರೆ ಸಾಮಾನ್ಯವಾಗಿ ಪಣಂಬೂರಿನಲ್ಲಿ ಅಲ್ಲ. ಇಲ್ಲಿಗೆ ಬರುವ ವಿದೇಶೀ ಹಡಗಿನ ಪ್ರಯಾಣಿಕರು ಬೇರೆಲ್ಲೋ ಹತ್ತಿ ಬಂದವರು. ಇಲ್ಲಿಯವರಿಗೆ ದಾರಿ ಮುಂಬೈ, ಕೊಚ್ಚಿ, ಚೆನ್ನೈಯ ಬಂದರುಗಳು, ಇಲ್ಲವೇ ವಿಮಾನದಲ್ಲಿ ಸಿಂಗಾಪುರಕ್ಕೋ ದುಬೈಗೋ ಹೋಗಿ ಅಲ್ಲಿ ಹಡಗು ಹತ್ತುವುದು. ಮಕ್ಕಳು ಪರದೇಶದಲ್ಲಿರುವ ಕರಾವಳಿಯ ಎಷ್ಟೋ ಮನೆಗಳಿಗೆ ಈಗ ಈ ಕರೆ ಬರುತ್ತಿದೆ. ಟಿಕೆಟಿನ ಹಣ ಮಕ್ಕಳು ಕಟ್ಟುತ್ತಾರೆ, ಕಾಗದಪತ್ರದ ಕಷ್ಟ ತಂದೆ ತಾಯಿಯ ತಲೆಗೆ!

ಬೈಕಂಪಾಡಿ ಕಡೆಯ ದಂಪತಿಯೊಂದರ ಕಥೆ ಇದಕ್ಕೆ ಸಾಕ್ಷಿ. ನಿಜವಾದ ಹೆಸರು ಬೇಡ, ಸಂಜೀವಣ್ಣ ಮತ್ತು ಗುಲಾಬಿಯಕ್ಕ ಅನ್ನೋಣ. ಸಂಜೀವಣ್ಣನಿಗೆ 67, ಗುಲಾಬಿಯಕ್ಕನಿಗೆ 63. ಮಗಳು ಸಿಂಗಾಪುರದಲ್ಲಿ. ಕಳೆದ ವರ್ಷ ಯುಗಾದಿಯ ಹೊತ್ತಿಗೆ ಫೋನು ಮಾಡಿದ ಮಗಳು, ಡಿಸೆಂಬರಿಗೆ ಸಿಂಗಾಪುರದಿಂದ ಹೊರಟು ಮಲೇಶಿಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ಸಿಂಗಾಪುರಕ್ಕೇ ಮರಳುವ ಹಡಗಿಗೆ ಇಬ್ಬರ ಟಿಕೆಟೂ ಆಯಿತು ಅಂದಳು.

"ನನಗೆ ಹಡಗು ಹೊಸತಲ್ಲ ಮಾರಾಯ್ತಿ, ನಾನು ದ್ವಾರಕಾದಲ್ಲಿ ಹೋದವ" ಎಂದು ಸಂಜೀವಣ್ಣ ಎದೆಯುಬ್ಬಿಸಿದರು. ಸುಳ್ಳಲ್ಲ. ಮುಂಬೈಯಿಂದ ಕೊಲ್ಲಿಯ ಬಂದರುಗಳಿಗೆ 'ದ್ವಾರಕಾ' ಎಂಬ ಹಡಗು 1982ರವರೆಗೆ ಓಡುತ್ತಿತ್ತು. 1981ರಲ್ಲಿ ಅದರ ಡೆಕ್ಕಿನಲ್ಲಿ ಚಾಪೆ ಹಾಸಿ ಬಹರೈನ್ ಮುಟ್ಟಿದ ಜನ ಇವರು. ಆದರೆ ಈ ಸಲ ಮೊದಲು ಎಡವಿದ್ದು ಇದೇ ಅನುಭವಸ್ಥರು!

ಒಂದು ಹೆಣ್ಣಿಗೆ ಮೂರು ಹೆಸರು

ಗುಲಾಬಿಯಕ್ಕನಿಗೆ ಪಾಸ್‌ಪೋರ್ಟೇ ಇರಲಿಲ್ಲ. ಅರ್ಜಿ ಹಾಕಲು ಕಾಗದಗಳನ್ನು ಟ್ರಂಕಿನಿಂದ ತೆಗೆದಾಗ ಒಂದೊಂದು ಕಾಗದದಿಂದ ಒಬ್ಬೊಬ್ಬ ಹೆಂಗಸು ಎದ್ದು ಬಂದಳು. ನಾಲ್ಕನೇ ಕ್ಲಾಸಿನವರೆಗೆ ಓದಿದ ಶಾಲೆಯ ಸರ್ಟಿಫಿಕೇಟಿನಲ್ಲಿ 'ಗುಲಾಬಿ ಪೂಜಾರ್ತಿ'. ಆಧಾರಿನಲ್ಲಿ ಬರೇ 'ಗುಲಾಬಿ'. ಬ್ಯಾಂಕಿನ ಪಾಸ್ ಬುಕ್ಕಿನಲ್ಲಿ 'ಗುಲಾಬಿ ಸಂಜೀವ'. ಮಗಳು ಟಿಕೆಟು ಮಾಡಿದ್ದು ಬ್ಯಾಂಕಿನ ಹೆಸರಿನಲ್ಲಿ.

ಹುಟ್ಟಿದ ದಿನವೂ ಎರಡು. ಶಾಲೆಯಲ್ಲಿ 1-6-1962. ಆ ಕಾಲದಲ್ಲಿ ಮೇಷ್ಟ್ರುಗಳ ಲೆಕ್ಕದಲ್ಲಿ ಊರಿನ ಅರ್ಧ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು! ಆಧಾರಿನಲ್ಲಿ 1-1-1964, ಯಾರೋ ಕೇಳಿದರು, ಯಾರೋ ಹೇಳಿದರು.

ಇಂಥ ಕಾಗದ ಹಿಡಿದುಕೊಂಡು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದರೆ ಮೊದಲ ಕೌಂಟರಿನಲ್ಲೇ ತಡೆ. ಆದ್ದರಿಂದ ಮೊದಲ ಕೆಲಸ ಅರ್ಜಿಯಲ್ಲ, ಕಾಗದ ಒಂದು ಮಾಡುವುದು. ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರ, ಶಾಲೆಯ ಸರ್ಟಿಫಿಕೇಟು, ಪ್ಯಾನ್ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಮತದಾರರ ಚೀಟಿ ಇವುಗಳಲ್ಲಿ ಯಾವುದಾದರೂ ಒಂದು ನಡೆಯುತ್ತದೆ. 2023ರ ಅಕ್ಟೋಬರ್ 1ರಂದು ಅಥವಾ ಬಳಿಕ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪ್ರಮಾಣಪತ್ರವೇ ಬೇಕೆಂದು 2025ರಲ್ಲಿ ನಿಯಮವಾಗಿದೆ. ಮೊಮ್ಮಕ್ಕಳನ್ನು ಕರೆದೊಯ್ಯುವ ಅಜ್ಜ ಅಜ್ಜಿಯರು ಇದನ್ನು ನೆನಪಿಡಬೇಕು.

ಆಧಾರಿನಲ್ಲಿ ಹುಟ್ಟಿದ ದಿನ ತಿದ್ದಲು ಸಿಗುವುದು ಒಂದೇ ಅವಕಾಶ. ಅವಸರದಲ್ಲಿ ತಪ್ಪಾಗಿ ತಿದ್ದಿದರೆ ಮತ್ತೆ ಕಚೇರಿ ಕಚೇರಿ ಅಲೆಯುವ ಪಾಡು. ಗುಲಾಬಿಯಕ್ಕ ಶಾಲೆಯ ಹೆಸರನ್ನೂ ಶಾಲೆಯ ತಾರೀಕನ್ನೂ ಗಟ್ಟಿ ಹಿಡಿದು, ಉಳಿದ ಕಾಗದಗಳನ್ನು ಅದಕ್ಕೆ ಸರಿಮಾಡಿಸಿದರು. ಇಷ್ಟಕ್ಕೇ ಎರಡೂವರೆ ತಿಂಗಳು!

"ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸ್ಲೇಬೇಕಲ್ಲ?" ಎಂದು ನೆರೆಹೊರೆಯವರು ಹೆದರಿಸಿದ್ದರು. ಬೇಕಿಲ್ಲ. ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕೆಂದು ಪಾಸ್‌ಪೋರ್ಟ್ ನಿಯಮ ಎಲ್ಲೂ ಹೇಳುವುದಿಲ್ಲ. ಮದುವೆ ಸರ್ಟಿಫಿಕೇಟು ಎಲ್ಲರೂ ಕೊಡಲೇಬೇಕೆಂಬ ಕಟ್ಟುಪಾಡನ್ನೂ 2016ರ ಡಿಸೆಂಬರಿನಲ್ಲಿ ತೆಗೆದುಹಾಕಲಾಗಿದೆ.

ಅರ್ಜಿಯಲ್ಲಿ 'ಬೇರೆ ಹೆಸರಿನಿಂದ ಕರೆಯಲ್ಪಡುತ್ತೀರಾ' ಎಂಬ ಪ್ರಶ್ನೆ ಉಂಟು. ಇದ್ದರೆ ಇದೆ ಎಂದೇ ಬರೆಯಬೇಕು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ತಿಳಿದೂ ಸುಳ್ಳು ಮಾಹಿತಿ ಕೊಟ್ಟರೆ ಎರಡು ವರ್ಷದವರೆಗೆ ಸಜೆ ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡೂ.

ಇನಿಶಿಯಲ್ ನಡೆಯದು

ಕೆ. ಸಂಜೀವ, ಬಿ. ರಾಮಣ್ಣ ಎಂದು ಹೆಸರಿನ ಮುಂದೆ ಒಂದೊಂದು ಅಕ್ಷರ ಅಂಟಿಸಿಕೊಂಡವರಿಗೆ ಇನ್ನೊಂದು ತೊಡಕು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಪೂರ್ತಿ ಬರೆಯಬೇಕು. ಹೀಗೆ ಬಿಡಿಸಿದ ಹೆಸರೇ ವಿಮಾನದ ಟಿಕೆಟಿನಲ್ಲಿ, ಹಡಗಿನ ಟಿಕೆಟಿನಲ್ಲಿ, ವೀಸಾದಲ್ಲಿ ಇರಬೇಕು. ಒಂದು ಅಕ್ಷರ ಆಚೀಚೆ ಆದರೂ ಕೌಂಟರಿನವ ತಲೆ ಎತ್ತುತ್ತಾನೆ.

ಬರೇ ಒಂಟಿ ಹೆಸರಿದ್ದವರೂ ಎಚ್ಚರವಾಗಿರಬೇಕು. ಮನೆತನದ ಹೆಸರಿನ ಕಾಲಂ ಖಾಲಿ ಬಿಟ್ಟರೂ ಭಾರತದಲ್ಲಿ ಪಾಸ್‌ಪೋರ್ಟ್ ಕೊಡುತ್ತಾರೆ. ಆದರೆ 2022ರ ನವೆಂಬರಿನಲ್ಲಿ ಯುಎಇ ಸರಕಾರ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ನಡೆದೀತು ಎಂಬ ಸ್ಪಷ್ಟನೆ ಬಂದದ್ದು ನಂತರ. ಕಾಗದ ಮಾಡಿಸುವಾಗಲೇ ಎರಡು ಹೆಸರು ಸರಿಯಾಗಿ ಬರೆಸಿದರೆ ಈ ರಗಳೆ ಇಲ್ಲ.

ಗುಲಾಬಿಯಕ್ಕನ ಹಡಗಿನ ಟಿಕೆಟಿನಲ್ಲಿ ಹೆಸರು ತಿದ್ದಿಸಲು ಮಗಳಿಗೆ ವಾರ ಹಿಡಿಯಿತು. ಹೊರಡಲು ತಿಂಗಳುಗಟ್ಟಲೆ ಇದ್ದ ಕಾರಣ ಆಯಿತು. ಕಾಗದ ಸರಿ ಇಲ್ಲದೆ ಹಡಗು ತಪ್ಪಿದರೆ ಸಾಮಾನ್ಯವಾಗಿ ಯಾವ ಕಂಪನಿಯೂ ಹಣ ವಾಪಸು ಕೊಡುವುದಿಲ್ಲ. ಟಿಕೆಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಅದನ್ನು ಮೊದಲೇ ಬರೆದುಕೊಂಡಿರುತ್ತಾರೆ.

"ಅವರು ಯಾರು? ನಮಗೆ ಗೊತ್ತಿಲ್ಲ!"

ಮಂಗಳೂರಿಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಬಂದದ್ದು ಬೇರೆ ಊರುಗಳಿಗಿಂತ ಬೇಗ. 2010ರಲ್ಲಿ ದೇಶದಲ್ಲಿ ಪ್ರಾಯೋಗಿಕವಾಗಿ ತೆರೆದ ಕೆಲವೇ ಕೇಂದ್ರಗಳಲ್ಲಿ ಮಂಗಳೂರೂ ಸೇರಿತ್ತು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೆಲಸ ಮಾಡುವ ಏರ್ಪಾಡು 2017ರ ಜನವರಿಯಲ್ಲಿ ಶುರುವಾದದ್ದೂ ಮೈಸೂರು ಮತ್ತು ಗುಜರಾತಿನ ದಾಹೋದಿನಲ್ಲಿ. ದಿನ, ಹೊತ್ತು ಮೊದಲೇ ಗೊತ್ತುಮಾಡಿಕೊಂಡು ಅಸಲು ಕಾಗದಗಳೊಂದಿಗೆ ಹೋಗಬೇಕು. ಫೋಟೋ, ಬೆರಳಚ್ಚು ಅಲ್ಲೇ ತೆಗೆಯುತ್ತಾರೆ.

36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂ. ತತ್ಕಾಲ್ ಬೇಕಿದ್ದರೆ ಮೇಲೆ 2,000. ಅರವತ್ತು ದಾಟಿದವರ ಹೊಸ ಅರ್ಜಿಗೆ ನೂರಕ್ಕೆ 10 ರಿಯಾಯಿತಿ. ಸರಕಾರದ ಜಾಲತಾಣದ ಹಾಗೇ ಕಾಣುವ ನಕಲಿ ತಾಣಗಳಲ್ಲಿ ದುಡ್ಡು ಕಟ್ಟಿ ಕೈ ಸುಟ್ಟುಕೊಳ್ಳುವವರುಂಟು. ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ಇನ್' ಉಂಟೋ ಇಲ್ಲವೋ ನೋಡಿಯೇ ಹಣ ಕಟ್ಟಬೇಕು.

ಗುಲಾಬಿಯಕ್ಕ ಎಸ್ಸೆಸ್ಸೆಲ್ಸಿ ಓದಿದವರಲ್ಲ. "ಓದದವರ ಪಾಸ್‌ಪೋರ್ಟಿಗೆ ಬೇರೆ ಸೀಲು ಹಾಕ್ತಾರಂತೆ, ಹೊರಗೆ ಬಿಡುದಿಲ್ಲವಂತೆ" ಎಂಬ ಸುದ್ದಿ ಅವರ ನಿದ್ದೆ ಕೆಡಿಸಿತ್ತು. ಕೊಲ್ಲಿ ಮುಂತಾದ ಕೆಲವು ದೇಶಗಳಿಗೆ ದುಡಿಯಲು ಹೋಗುವವರಿಗೆ ಇರುವ ವಲಸೆ ತಪಾಸಣೆಯ ಮಾತು ಅದು. ಐವತ್ತು ದಾಟಿದವರಿಗೆ ಆ ಗೊಡವೆಯೇ ಇಲ್ಲ.

ನಿಜವಾದ ಗಂಡಾಂತರ ಬಂದದ್ದು ಪೊಲೀಸ್ ತನಿಖೆಯಲ್ಲಿ. ಪೇದೆ ಬಂದ ದಿನ ಗಂಡ ಹೆಂಡತಿ ಇಬ್ಬರೂ ಮದುವೆಯ ಊಟಕ್ಕೆ ಹೋಗಿದ್ದರು. ಪಕ್ಕದ ಮನೆಯಲ್ಲಿ "ಗುಲಾಬಿ ಪೂಜಾರ್ತಿ ಅಂದ್ರೆ ಯಾರು?" ಎಂದು ಕೇಳಿದರೆ, ಮೂವತ್ತು ವರ್ಷದಿಂದ ದಿನಾ ಬೇಲಿಯ ಮೇಲಿಂದ ಮಾತಾಡುವ ಹೆಂಗಸು "ಹಾಗೆ ಹೇಳುವವರು ಇಲ್ಲಿ ಯಾರೂ ಇಲ್ಲಪ್ಪ" ಅಂದುಬಿಟ್ಟರು! ಅವರಿಗೆ ಗೊತ್ತಿದ್ದದ್ದು 'ಸಂಜೀವಣ್ಣನ ಹೆಂಡತಿ' ಮಾತ್ರ.

ಪೇದೆ ಒಳ್ಳೆಯವನಿದ್ದ. ಆ ವಿಳಾಸದಲ್ಲಿ ಅಂಥವರಿಲ್ಲ ಎಂದು ಬರೆದು ಹೋಗುವ ಬದಲು ಫೋನು ಮಾಡಿದ. ಸಂಜೆ ಗುಲಾಬಿಯಕ್ಕ ಮದುವೆಯ ಸೀರೆಯಲ್ಲೇ ಠಾಣೆಯಲ್ಲಿ ಹಾಜರು. ತನಿಖೆಗೆ ಬಂದವರಿಗೆ 'ಚಾ ಕಾಸು' ಕೊಡಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಆದರೆ ಮನೆಯಲ್ಲಿ ಇರಬೇಕು, ಅಸಲು ಕಾಗದ ಕೈಯಲ್ಲಿರಬೇಕು, ಅರ್ಜಿಯಲ್ಲಿ ಬರೆದ ಹೆಸರು ನೆರೆಮನೆಯವರಿಗೂ ತಿಳಿದಿರಬೇಕು.

ಜೀವ ಇದ್ದರೂ ಸತ್ತ ಪಾಸ್‌ಪೋರ್ಟ್

ಹೆಂಡತಿಯ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು. ಅದರ ಪಕ್ಕ ತನ್ನದನ್ನೂ ಇಟ್ಟು ಸಂಜೀವಣ್ಣ ಮಗಳಿಗೆ ಫೋಟೋ ಕಳಿಸಿದರು. ಆಗ ಹೊರಬಿತ್ತು ಗುಟ್ಟು. ಇವರದು ಮುಗಿಯುವುದು ಮಾರ್ಚಿನಲ್ಲಿ!

"ಡಿಸೆಂಬರಿಗೆ ಹೋಗುದು, ಮಾರ್ಚಿಗೆ ಮುಗಿಯುದು. ಇನ್ನೂ ಮೂರು ತಿಂಗಳು ಉಂಟಲ್ಲ?"

"ಮೂರು ಸಾಲುದಿಲ್ಲ ಅಪ್ಪ. ಇಲ್ಲಿಗೆ ಆರು ಬೇಕು."

ಬಹಳ ಜನ ಬೀಳುವ ಹೊಂಡ ಇದು. ಪುಸ್ತಕದ ಮೇಲೆ ಅಚ್ಚಾದ ತಾರೀಕಿನವರೆಗೂ ಪಾಸ್‌ಪೋರ್ಟಿಗೆ ಜೀವ ಇದೆಯೆಂದು ಜನ ತಿಳಿಯುತ್ತಾರೆ. ಸಿಂಗಾಪುರದಂಥ ದೇಶಗಳು ಆರು ತಿಂಗಳ ಆಯುಷ್ಯ ಉಳಿದಿರಬೇಕು ಅನ್ನುತ್ತವೆ. ಯುರೋಪಿನ ಷೆಂಗನ್ ದೇಶಗಳಲ್ಲಿ ಹೊರಡುವ ದಿನದಿಂದ ಮೂರು ತಿಂಗಳು ಉಳಿದಿರಬೇಕು, ಪಾಸ್‌ಪೋರ್ಟ್ ಹತ್ತು ವರ್ಷದ ಒಳಗೆ ಕೊಟ್ಟದ್ದಾಗಿರಬೇಕು. ಹಡಗು ನಾಲ್ಕು ದೇಶ ಮುಟ್ಟುವುದಾದರೆ ನಾಲ್ಕರಲ್ಲಿ ಯಾವುದು ಅತಿ ಕಟ್ಟುನಿಟ್ಟೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಖಾಲಿ ಪುಟ ಎರಡಾದರೂ ಉಳಿದಿರಬೇಕು. ಕೈಬರಹದ ಹಳೆ ಪಾಸ್‌ಪೋರ್ಟುಗಳ ಕಾಲವಂತೂ 2015ರ ನವೆಂಬರ್ 24ಕ್ಕೇ ಮುಗಿದಿದೆ.

ಮುಗಿಯುವ ಒಂದು ವರ್ಷ ಮೊದಲೇ ಹೊಸ ಪುಸ್ತಕಕ್ಕೆ ಅರ್ಜಿ ಹಾಕಬಹುದು. ಸಂಜೀವಣ್ಣ ಹಾಕಲಿಲ್ಲ. ಕೊನೆಗೆ ತತ್ಕಾಲಿನಲ್ಲಿ 3,500 ರೂ. ಕಟ್ಟಿ ಹೊಸತು ಮಾಡಿಸಿದರು. ದ್ವಾರಕಾದಲ್ಲಿ ಹೋದ ಅನುಭವಸ್ಥನಿಗಿಂತ ನಾಲ್ಕನೇ ಕ್ಲಾಸಿನ ಗುಲಾಬಿಯಕ್ಕ ಒಂದು ತಿಂಗಳು ಮೊದಲೇ ತಯಾರು!

ಒಂದೇ ದೇಶ, ಎರಡು ಪ್ರವೇಶ

ವಿಮಾನದಲ್ಲಿ ಹೋಗುವವರಿಗೆ ಇಲ್ಲದ, ಹಡಗಿನವರಿಗೆ ಮಾತ್ರ ಇರುವ ಸಂಕಟವೊಂದುಂಟು. ಸಂಜೀವಣ್ಣ ದಂಪತಿ ಮೊದಲು ವಿಮಾನದಲ್ಲಿ ಸಿಂಗಾಪುರಕ್ಕೆ ಬಂದರು. ಇದು ಒಂದು ಪ್ರವೇಶ. ಹಡಗು ಹತ್ತಿದಾಗ ಆ ದೇಶದಿಂದ ಹೊರಬಿದ್ದಂತೆ. ಫುಕೆಟ್ ನೋಡಿ ಮರಳಿದಾಗ ಮತ್ತೊಂದು ಪ್ರವೇಶ. ಒಂದೇ ಸಲಕ್ಕೆ ನಡೆಯುವ ವೀಸಾ ಇದ್ದರೆ ಗತಿ ಏನು? ಹತ್ತುವ ಕೌಂಟರಿನಲ್ಲೇ 'ನೀವು ವಾಪಸು ಹೇಗೆ ಬರ್ತೀರಿ?' ಎಂದು ಕೇಳಿ ನಿಲ್ಲಿಸುತ್ತಾರೆ. ಆದ್ದರಿಂದ ಹಲವು ಪ್ರವೇಶದ ವೀಸಾವೇ ಬೇಕೆಂದು ಏಜೆಂಟನಿಗೆ ಬಾಯಿಬಿಟ್ಟು ಹೇಳಬೇಕು.

ಯುರೋಪಿನಲ್ಲೂ ಇದೇ ಹಾಡು. ಗ್ರೀಸಿನಲ್ಲಿ ಹತ್ತಿ ಟರ್ಕಿಯ ಕುಶದಾಸಿ ನೋಡಿ ಮರಳಿ ಗ್ರೀಸಿಗೆ ಬಂದರೆ ಷೆಂಗನ್ ಗಡಿ ದಾಟಿ ಎರಡನೇ ಸಲ ಒಳಗೆ ಬಂದಂತೆ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗನ್ ಸೇರಿತು. ಅದಕ್ಕೂ ಮೊದಲು ಅಲ್ಲಿನ ಬಂದರು ಮುಟ್ಟಿದವರಿಗೂ ಇದೇ ತೊಡಕಿತ್ತು.

ನಿಯಮಗಳು ಹವಾಮಾನದ ಹಾಗೆ ಬದಲಾಗುತ್ತವೆ. 2023ರ ಡಿಸೆಂಬರ್ 1ರಿಂದ ಮಲೇಶಿಯಾ ಭಾರತೀಯರಿಗೆ 30 ದಿನದ ಮಟ್ಟಿಗೆ ವೀಸಾ ಬೇಡವೆಂದಿತು. ವೀಸಾ ಬೇಡವಾದ ಕಡೆಯೂ ಫೋನಿನಲ್ಲಿ ತುಂಬುವ ಆಗಮನ ಚೀಟಿ ಉಂಟು. ಸಿಂಗಾಪುರದ್ದನ್ನು ಬರುವ ಮೂರು ದಿನದೊಳಗೆ ತುಂಬಬೇಕು, ಅದಕ್ಕೆ ಬಿಡಿಕಾಸೂ ಇಲ್ಲ. ಹಣ ಕೇಳುವ ತಾಣ ಕಂಡರೆ ಅದು ದಲ್ಲಾಳಿಯದೇ.

ಅಮೆರಿಕದ ಪ್ರಜೆಗಳು ಅಲ್ಲಿನ ಒಂದೇ ಬಂದರಿನಲ್ಲಿ ಹತ್ತಿ ಅಲ್ಲೇ ಇಳಿಯುವ ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್ ಇಲ್ಲದೆ ಜನನ ಪ್ರಮಾಣಪತ್ರ, ಗುರುತು ಚೀಟಿ ತೋರಿಸಿ ಹೋಗಬಹುದು. ಇದನ್ನು ಫೋನಿನಲ್ಲಿ ಓದಿ ಇಲ್ಲಿಯ ಅಪ್ಪ ಅಮ್ಮಂದಿರು ಮರುಳಾಗಬಾರದು. ಅದು ಅವರಿಗೆ, ಇವರಿಗಲ್ಲ. ಭಾರತೀಯರು ಪಾಸ್‌ಪೋರ್ಟ್ ಇಲ್ಲದೆ ಹಡಗು ನೋಡಬೇಕೆಂದರೆ ಲಕ್ಷದ್ವೀಪ ಉಂಟು. ಅಲ್ಲಿಗೂ ಪ್ರವೇಶ ಪರವಾನಗಿ ಬೇಕು.

"ನನ್ನ ಪಾಸ್‌ಪೋರ್ಟ್ ಕೊಡುದಿಲ್ಲ"

ಸಿಂಗಾಪುರದ ಬಂದರಿನಲ್ಲಿ ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಕೊನೆಯ ಮೇಜಿನಲ್ಲಿ ಹಡಗಿನ ಹುಡುಗಿಯೊಬ್ಬಳು ನಗುತ್ತಾ ಕೈಚಾಚಿ ಪಾಸ್‌ಪೋರ್ಟ್ ಇಲ್ಲೇ ಬಿಡಿ, ಕೊನೆಯಲ್ಲಿ ಕೊಡುತ್ತೇವೆ ಅಂದಳು. ಸಂಜೀವಣ್ಣ ಪಾಸ್‌ಪೋರ್ಟನ್ನು ಎದೆಗೆ ಒತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಸಾಲು ನಿಂತಿತು.

ಮಗಳಿಗೆ ನಾಚಿಕೆ, ಸಿಟ್ಟು. ಗುಲಾಬಿಯಕ್ಕನಿಗೆ ಮಾತ್ರ ಕಾರಣ ಗೊತ್ತಿತ್ತು. ಬಹರೈನಿನಲ್ಲಿ ಇಳಿದ ಮೊದಲ ದಿನವೇ ಧಣಿ ಹೀಗೇ ನಗುತ್ತಾ ಕೈಚಾಚಿ ತೆಗೆದುಕೊಂಡ ಪಾಸ್‌ಪೋರ್ಟನ್ನು ಮೂರು ವರ್ಷ ಕಪಾಟಿನಿಂದ ಹೊರಗೆ ತೆಗೆದಿರಲಿಲ್ಲ. ತಾಯಿ ತೀರಿಕೊಂಡ ಸುದ್ದಿ ಬಂದಾಗಲೂ ತೆಗೆಯಲಿಲ್ಲ. ಸಂಜೀವಣ್ಣ ಊರಿಗೆ ಬಂದದ್ದು ವರ್ಷಾಂತಿಕ ಮುಗಿದ ಮೇಲೆ.

ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವುದು ವಾಡಿಕೆ. ಪ್ರತಿ ಬಂದರಿನ ಅಧಿಕಾರಿಗಳಿಗೆ ಒಟ್ಟಿಗೆ ತೋರಿಸಿ ಬೇಗ ಮುಗಿಸುವುದಕ್ಕಾಗಿ. ಪ್ರಯಾಣಿಕನ ಕೈಗೆ ಹಡಗಿನ ಕಾರ್ಡೊಂದು ಸಿಗುತ್ತದೆ. ಕೋಣೆಯ ಬೀಗಕ್ಕೂ, ಹಡಗು ಹತ್ತಿ ಇಳಿಯುವುದಕ್ಕೂ ಅದೇ. ಪಾಸ್‌ಪೋರ್ಟ್ ಅದನ್ನು ಹಿಡಿದವನ ಸ್ವತ್ತೂ ಅಲ್ಲ, ಹಡಗಿನ ಸ್ವತ್ತೂ ಅಲ್ಲ. ಕಾಯ್ದೆಯ ಪ್ರಕಾರ ಅದು ಭಾರತ ಸರಕಾರದ ಸ್ವತ್ತು. ಆದ್ದರಿಂದ ಕೊಡುವಾಗ ಯಾವಾಗ, ಎಲ್ಲಿ ವಾಪಸು ಎಂದು ಕೇಳುವುದು ತಪ್ಪಲ್ಲ. ಪಾಸ್‌ಪೋರ್ಟಿನ ಮತ್ತು ವೀಸಾದ ಜೆರಾಕ್ಸ್ ಪ್ರತಿ ಕಿಸೆಯಲ್ಲಿ ಇರಲೇಬೇಕು.

ಸಂಜೀವಣ್ಣ ರಸೀದಿ ಕೇಳಿದರು. ಹುಡುಗಿ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟಳು. ನಾಲ್ಕು ರಾತ್ರಿಯೂ ಆ ಚೀಟಿ ಅವರ ತಲೆದಿಂಬಿನ ಅಡಿಯಲ್ಲೇ ಮಲಗಿತ್ತು.

ಪಾಸ್‌ಪೋರ್ಟ್ ಪರದೇಶದ ಪೇಟೆಯಲ್ಲಿ ಕಳೆದುಹೋದರೆ ಪೊಲೀಸ್ ದೂರು ಕೊಟ್ಟು ಭಾರತದ ರಾಯಭಾರ ಕಚೇರಿಗೆ ಓಡಬೇಕು. ಅಲ್ಲಿ ಸಿಗುವ ತುರ್ತು ಪ್ರಮಾಣಪತ್ರ ಊರಿಗೆ ಮರಳಲು ಮಾತ್ರ. ಹಡಗಿನ ವಿಹಾರ ಅಲ್ಲಿಗೇ ಮುಕ್ತಾಯ.

ಗಸಗಸೆಗೂ ತಡೆ!

ಗಂಟುಮೂಟೆಯ ವಿಷಯ. ಗಸಗಸೆ ಪಾಯಸದ ಆಸೆಗೆ ಮಗಳಿಗೆಂದು ಕಟ್ಟಿದ ಗಸಗಸೆ ಪೊಟ್ಟಣ ಮಂಗಳೂರಿನಲ್ಲೇ ಉಳಿಯಿತು, ಪುಣ್ಯ! ಸಿಂಗಾಪುರ, ಯುಎಇಗಳಲ್ಲಿ ಗಸಗಸೆ ಅಫೀಮಿನ ಸಂಬಂಧಿಕನೆಂಬ ಲೆಕ್ಕದಲ್ಲಿ ನಿಷಿದ್ಧ. ಸಿಂಗಾಪುರಕ್ಕೆ ಜಗಿಯುವ ತಂಬಾಕು, ಚೂಯಿಂಗ್ ಗಮ್ ಕೂಡ ಆಗದು. ಬಿಪಿ, ಶುಗರಿನ ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಅಂಗಡಿಯ ಪಟ್ಟಿಯಲ್ಲೇ, ಡಾಕ್ಟರ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಬೇಕು. ದೊಡ್ಡ ಪೆಟ್ಟಿಗೆ ಕೋಣೆ ಸೇರುವಾಗ ಸಂಜೆಯೂ ಆದೀತು.

ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲು, ಮೇಣದ ಬತ್ತಿ ಇವನ್ನು ಹೆಚ್ಚಿನ ಹಡಗುಗಳು ಒಳಗೆ ಬಿಡುವುದಿಲ್ಲ. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಶತ್ರು ಇಲ್ಲ. ದೇವರಿಗೆ ದೀಪ ಹಚ್ಚುವ ಅಭ್ಯಾಸದವರು ಕೈಮುಗಿದು ಸುಧಾರಿಸಬೇಕು.

ಹತ್ತಿದ ಕೂಡಲೇ ಜೀವರಕ್ಷಣೆಯ ಕವಾಯತು. 'ಊಟ ಬಿಟ್ಟು ಇದೆಂತ ಡ್ರಿಲ್ಲು' ಅನ್ನುವಂತಿಲ್ಲ. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತರು. ಆ ದಿನವೇ ಹತ್ತಿದ್ದ ನೂರಾರು ಜನರಿಗೆ ಇನ್ನೂ ಕವಾಯತು ಆಗಿರಲಿಲ್ಲ. 2015ರ ಜನವರಿ 1ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಇದು ಕಡ್ಡಾಯ.

ಗಡಿಯಾರದ ಆಟವೂ ತಿಳಿದಿರಲಿ. ಸಿಂಗಾಪುರಕ್ಕಿಂತ ಫುಕೆಟ್ ಒಂದು ಗಂಟೆ ಹಿಂದೆ. ದಡಕ್ಕಿಳಿದರೆ ಫೋನು ತಾನಾಗಿ ಅಲ್ಲಿನ ಹೊತ್ತಿಗೆ ತಿರುಗುತ್ತದೆ, ಹಡಗು ಸಿಂಗಾಪುರದ ಹೊತ್ತನ್ನೇ ಇಟ್ಟುಕೊಂಡಿದ್ದರೆ ಒಂದು ಗಂಟೆ ಮೋಸ. ಸಂಜೀವಣ್ಣ ಫೋನು ನೋಡಿ "ಇನ್ನೂ ಹೊತ್ತುಂಟು" ಎಂದು ಎಳನೀರು ಕುಡಿಯಲು ನಿಂತಿದ್ದರು. ಗುಲಾಬಿಯಕ್ಕನ ಕೈಯಲ್ಲಿ ಕೀಲಿ ಕೊಡುವ ಹಳೇ ವಾಚು. "ನೀವು ಬೇಕಾದ್ರೆ ಕುಡಿಯಿರಿ, ನಾನು ಹೋದೆ" ಎಂದು ನಡೆದೇಬಿಟ್ಟರು. ಅವರು ಹತ್ತಿದ ಹತ್ತು ನಿಮಿಷಕ್ಕೆ ಏಣಿ ಮೇಲೆದ್ದಿತು. ತಪ್ಪಿದ್ದರೆ ಸ್ವಂತ ಖರ್ಚಿನಲ್ಲಿ ಮುಂದಿನ ಬಂದರು ಹುಡುಕಬೇಕಿತ್ತು. ಹಡಗು ಯಾರನ್ನೂ ಕಾಯುವುದಿಲ್ಲ.

ಕೊನೆಗೆ

ಲೆಕ್ಕ ಇಷ್ಟೇ: ಹೊರಡುವ ಎಂಟು ತಿಂಗಳ ಮೊದಲು ಹೆಸರು, ತಾರೀಕು ಸರಿಮಾಡಿಸಿ. ಆರು ತಿಂಗಳ ಮೊದಲು ಪಾಸ್‌ಪೋರ್ಟ್ ಕೈಯಲ್ಲಿರಲಿ. ಅದರಲ್ಲಿರುವ ಹೆಸರಿನಲ್ಲೇ ಟಿಕೆಟು. ವೀಸಾ ಎಷ್ಟು ಪ್ರವೇಶಕ್ಕೆಂದು ಎರಡು ಸಲ ಓದಿ.

ಸಿಂಗಾಪುರದಲ್ಲಿ ಇಳಿದಾಗ ಸಂಜೀವಣ್ಣ ಮೊದಲು ಚೀಟಿ ಕೊಟ್ಟು ಪಾಸ್‌ಪೋರ್ಟ್ ಪಡೆದರು, ಆಮೇಲೆ ನಕ್ಕರು. ಈಗ ಗಂಡ ಹೆಂಡತಿಯ ಎರಡೂ ಪಾಸ್‌ಪೋರ್ಟುಗಳು ಟ್ರಂಕಿನಲ್ಲಿ ಪಕ್ಕಪಕ್ಕ ಮಲಗಿವೆ.

ಮೊನ್ನೆ ಪಣಂಬೂರಿಗೆ ಮತ್ತೊಂದು ಬಿಳಿ ಹಡಗು ಬಂದಿತ್ತು. ಪೇದೆಗೆ 'ಹಾಗೆ ಹೇಳುವವರು ಯಾರೂ ಇಲ್ಲ' ಅಂದಿದ್ದ ಪಕ್ಕದ ಮನೆಯ ಹೆಂಗಸು ಬೇಲಿಯ ಬಳಿ ಬಂದು ನಿಂತರು. ಅವರ ಮಗ ಕೂಡ ಕರೆದಿದ್ದಾನಂತೆ.

"ಗುಲಾಬಿಯಕ್ಕ, ನಾವು ಎಲ್ಲಿಂದ ಶುರು ಮಾಡುದು?"

"ಮೊದಲು ನಿಮ್ಮ ಹೆಸರು ಎಂತ ಅಂತ ಸರಿಯಾಗಿ ನೋಡಿಕೊಳ್ಳಿ" ಅಂದರು ಗುಲಾಬಿಯಕ್ಕ.